ಅಜ್ಜಿಯ ಬಿಪಿ ಮಾತ್ರೆ, ಜರ್ಮನಿಯ ಇಲಿ, ಸಕಲೇಶಪುರದ ಮಗು: ಒಂದು ಪ್ರಕರಣ ಅಧ್ಯಯನ

ಮಗುವಿಗೆ ನಾಲ್ಕು ವರ್ಷ. ಹೆಣ್ಣು ಮಗು. ಹುಟ್ಟಿದ ದಿನದಿಂದ ಮೈಮೇಲೆ ಬೊಬ್ಬೆ ಏಳುತ್ತಲೇ ಇವೆ. ಅಪ್ಪ ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಅಮ್ಮನಿಗೆ ಮಗುವನ್ನು ನೋಡಿಕೊಳ್ಳುವುದೇ ದಿನಪೂರ್ತಿ ಕೆಲಸ. ಜೊತೆಗೆ ಅಪ್ಪನ ತಾಯಿ ಇದ್ದಾರೆ. ನಾನು ಹಾಸನದಲ್ಲಿ ಚರ್ಮದ ಡಾಕ್ಟರು. ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಬರೆಯಲು ಕಾರಣ ಮಗುವಿನ ಅಪ್ಪ ಕೇಳಿದ ಒಂದು ಪ್ರಶ್ನೆ. ಅವರ ಫೋನಿಗೆ ಯಾರೋ ಒಂದು ವಿಡಿಯೊ ಕಳಿಸಿದ್ದರು. ಇದೇ ಕಾಯಿಲೆ ಇದ್ದ ಇಲಿಗಳಿಗೆ ಬಿಪಿ ಮಾತ್ರೆ ಕೊಟ್ಟರು, ವಾಸಿಯಾಯಿತು ಅಂತ ಅದರಲ್ಲಿ ಹೇಳಿದ್ದರು. ಅವರ ತಾಯಿ ದಿನವೂ ತೆಗೆದುಕೊಳ್ಳುವ ಮಾತ್ರೆಯೂ ಅದೇ, ಲೋಸಾರ್ಟಾನ್. ಐವತ್ತು ಮಿಲಿಗ್ರಾಂ. ಮಾತ್ರೆಯ ಸ್ಟ್ರಿಪ್ಪನ್ನೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು.

"ಮೇಡಂ, ಮೆಡಿಕಲ್ ಸ್ಟೋರಲ್ಲಿ ಸಿಗೋ ಮಾತ್ರೆ. ಕಾಲು ಭಾಗ ಮಾಡಿ ಪಾಪುಗೆ ಕೊಡ್ಬಹುದಾ?"

ಅದೃಷ್ಟಕ್ಕೆ ಇನ್ನೂ ಕೊಟ್ಟಿರಲಿಲ್ಲ. ತಡೆದವರು ಅಜ್ಜಿ. "ವಯಸ್ಸಾದೋರ ಮಾತ್ರೆ ಕೂಸಿಗೆ ಯಾಕೆ, ಮೊದ್ಲು ಡಾಕ್ಟ್ರಮ್ಮನ ಕೇಳು ಅಂದೆ" ಎಂದರು.

ಕೊಡಬೇಡಿ ಅಂತ ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ವಿಡಿಯೊದಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ. ಅಂಥ ಇಲಿಗಳು ನಿಜ, ಆ ಪ್ರಯೋಗವೂ ನಿಜ. ಅರ್ಧ ನಿಜ ಇರುವ ಸುದ್ದಿಗೆ ಬರೀ "ಬೇಡ" ಅಂದರೆ ಮನೆಗೆ ಹೋದ ಮೇಲೆ ಅನುಮಾನ ಹಾಗೇ ಉಳಿಯುತ್ತದೆ. ಅದಕ್ಕೇ ಕೂರಿಸಿಕೊಂಡು, ಆ ಇಲಿ ಯಾವುದು, ಅದು ಏನು ಹೇಳಿತು, ಏನು ಹೇಳಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಿದೆ.

ಮಗುವಿನ ಕಾಯಿಲೆ

ಹುಟ್ಟಿದಾಗ ಎಡಗಾಲಿನ ಮೊಣಕಾಲಿನ ಕೆಳಗೆ ಒಂದು ಕಡೆ ಚರ್ಮವೇ ಇರಲಿಲ್ಲವಂತೆ. ಡ್ರಿಪ್ ಹಾಕಿ ಅಂಟಿಸಿದ ಟೇಪ್ ತೆಗೆದಾಗ ಅದರ ಜೊತೆ ಚರ್ಮವೂ ಬಂತು. ಹಾಲು ಕುಡಿಸಿದರೆ ಬಾಯೊಳಗೆ ಬೊಬ್ಬೆ. ಅಂಬೆಗಾಲಿಡುವ ಹೊತ್ತಿಗೆ ಮಂಡಿ, ಮೊಣಕೈ, ಅಂಗೈ ಎಲ್ಲ ಗಾಯ. ಮೊದಲು ಯಾರೋ ಸೋಂಕು ಅಂದರು, ಇನ್ಯಾರೋ ಸರ್ಪಸುತ್ತು ಅಂದರು. ಬಿಸಿಲೆ ಘಾಟಿ ಇಳಿದು ಕುಕ್ಕೆಗೆ ಹೋಗಿ ಸೇವೆ ಮಾಡಿಸಿ ಬಂದಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಹೆಸರೇ ಗೊತ್ತಿಲ್ಲದ ಕಾಯಿಲೆಗೆ ಜನ ಇನ್ನೇನು ಮಾಡಿಯಾರು?

ನನ್ನ ಹತ್ತಿರ ಬಂದಾಗ ಕಾಲು, ಕೈ ಬೆರಳುಗಳ ಉಗುರು ಹೆಚ್ಚುಕಡಿಮೆ ಹೋಗಿದ್ದವು. ಗಾಯ ಮಾಯ್ದ ಕಡೆ ತೆಳುವಾದ, ಹೊಳೆಯುವ ಕಲೆ. ಕಲೆಯ ಮೇಲೆ ಚಿಕ್ಕ ಬಿಳಿ ಚುಕ್ಕೆಗಳು. ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳಿನ ನಡುವೆ ಚರ್ಮ ಸೇರಿಕೊಳ್ಳಲು ಶುರುವಾಗಿತ್ತು. ತೂಕ ಕಡಿಮೆ, ರಕ್ತ ಕಡಿಮೆ. ಮಲ ಗಟ್ಟಿಯಾಗಿ, ನೋವಿಗೆ ಹೆದರಿ ಮಗು ತಡೆದುಕೊಳ್ಳುತ್ತಿತ್ತು. ಅದಕ್ಕೇ ಊಟ ಬೇಡ ಅನ್ನುತ್ತಿತ್ತು.

ಇದು ಎಪಿಡರ್ಮೊಲೈಸಿಸ್ ಬುಲ್ಲೋಸಾ. ಇಬಿ ಅಂತ ಕರೆಯುತ್ತೇವೆ. ಅಂಟುರೋಗ ಅಲ್ಲ. ದೇಹದ ಹೊರಮೈ, ಬಾಯಿ, ಅನ್ನನಾಳ, ಕರುಳು, ಶ್ವಾಸನಾಳ ಎಲ್ಲದಕ್ಕೂ ಜೀವಕೋಶಗಳ ಒಂದು ಹೊದಿಕೆ ಇದೆ. ಅದೇ ಎಪಿಥೀಲಿಯಂ. ಚರ್ಮದಲ್ಲಿ ಈ ಹೊದಿಕೆ ಕೆಳಗಿನ ಪದರಕ್ಕೆ ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಹಿಡಿದಿಡುವ ಪ್ರೋಟೀನುಗಳಲ್ಲಿ ಯಾವುದು ಕೆಟ್ಟಿದೆ ಅನ್ನುವುದರ ಮೇಲೆ ಇಬಿಯಲ್ಲಿ ನಾಲ್ಕು ಮುಖ್ಯ ಬಗೆ. ಕೆರಾಟಿನ್ 5 ಅಥವಾ 14 ಕೆಟ್ಟರೆ ಮೇಲಿನ ಪದರದ ಒಳಗೇ ಬಿರುಕು, ಅದು ಸಿಂಪ್ಲೆಕ್ಸ್. ಲ್ಯಾಮಿನಿನ್‌ನಂಥ ಪ್ರೋಟೀನು ಕೆಟ್ಟರೆ ಎರಡು ಪದರ ಸೇರುವ ಜಾಗದಲ್ಲೇ ಬಿರುಕು, ಅದು ಜಂಕ್ಷನಲ್. ಕೊಲಾಜೆನ್ 7 ಕೆಟ್ಟರೆ ಅದಕ್ಕೂ ಕೆಳಗೆ, ಅದು ಡಿಸ್ಟ್ರೋಫಿಕ್. ನಾಲ್ಕನೆಯದು ಕಿಂಡ್ಲರ್, ತೀರಾ ವಿರಳ.

ಹೊಸ ಬೊಬ್ಬೆಯ ಅಂಚಿನಿಂದ ಚಿಕ್ಕ ಚೂರು ಚರ್ಮ ತೆಗೆದು ಬೆಂಗಳೂರಿಗೆ ಕಳಿಸಿದೆವು. ಕೊಲಾಜೆನ್ 7 ಬಹುಮಟ್ಟಿಗೆ ಕಾಣಲೇ ಇಲ್ಲ. ರಕ್ತದ ಜೀನ್ ಪರೀಕ್ಷೆಯಲ್ಲಿ ಸಿಒಎಲ್7ಎ1 ಅನ್ನುವ ಜೀನಿನ ಎರಡೂ ಪ್ರತಿಯಲ್ಲಿ ಒಂದೇ ದೋಷ ಸಿಕ್ಕಿತು. ಅಪ್ಪ ಅಮ್ಮ ಸೋದರಿಕೆಯಲ್ಲೇ ಮದುವೆಯಾದವರು, ಅತ್ತೆ ಮಗ ಮತ್ತು ಮಾವನ ಮಗಳು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದೆ, ಒಂದೊಂದು ಒಳ್ಳೆಯ ಪ್ರತಿ ಇದೆ. ಆದ್ದರಿಂದ ಅವರಿಗೆ ಏನೂ ತೊಂದರೆ ಇಲ್ಲ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಿದೆ. ಹಾಗಾಗಿ ಇದು ರಿಸೆಸಿವ್ ಡಿಸ್ಟ್ರೋಫಿಕ್ ಇಬಿ, ಇಬಿಯಲ್ಲೇ ತೀವ್ರವಾದ ಬಗೆ.

ಕೊಲಾಜೆನ್ 7 ಮಾಡುವ ಕೆಲಸವನ್ನು ಮನೆಯವರಿಗೆ ಹೇಳಿದ್ದು ಹೀಗೆ: ಎರಡು ಪದರ ಬಟ್ಟೆ ಸೇರಿಸಿ ಹಾಕಿದ ಹೊಲಿಗೆ ಅದು. ಹೊಲಿಗೆ ಇಲ್ಲದಿದ್ದರೆ ಮೇಲಿನ ಬಟ್ಟೆ ಸುಮ್ನೆ ಕೈಯಾಡಿಸಿದರೂ ಜಾರುತ್ತದೆ. ಜಾರಿದ ಜಾಗದಲ್ಲಿ ನೀರು ತುಂಬುತ್ತದೆ.

ಇಲಿ ಯಾಕೆ?

ಪ್ರಯೋಗಶಾಲೆಯ ಇಲಿ ತೋಟದ ಗೋಡೌನಿನಲ್ಲಿ ಓಡಾಡುವ ಹೆಗ್ಗಣ ಅಲ್ಲ. ಮನೆಯ ಚಿಕ್ಕ ಇಲಿಯ ಜಾತಿ. ಮೂರು ವಾರಕ್ಕೆ ಮರಿ ಹಾಕುತ್ತದೆ, ಎರಡು ತಿಂಗಳೊಳಗೆ ಮರಿಯೇ ದೊಡ್ಡದಾಗುತ್ತದೆ. 2002ರಲ್ಲಿ ಇಲಿಯ ಜೀನೋಮ್, ಅಂದರೆ ಅದರ ಜೀನುಗಳ ಪೂರ್ತಿ ನಕ್ಷೆ, ಪ್ರಕಟವಾದಾಗ ಅದರ ಜೀನುಗಳಲ್ಲಿ ಸುಮಾರು ಶೇಕಡಾ 99ಕ್ಕೆ ಮನುಷ್ಯನಲ್ಲೂ ಸಂಬಂಧಪಟ್ಟ ಜೀನು ಇದೆ ಅಂತ ಗೊತ್ತಾಯಿತು. ಬೇಕಾದ ಜೀನನ್ನೇ ಕೆಡಿಸಿ ಇಲಿ ಹುಟ್ಟಿಸುವ ವಿಧಾನಕ್ಕೆ 2007ರಲ್ಲಿ ಕಪೆಕ್ಕಿ, ಇವಾನ್ಸ್, ಸ್ಮಿತೀಸ್ ಮೂವರಿಗೆ ನೊಬೆಲ್ ಬಂತು. ಈಗ ಕ್ರಿಸ್ಪರ್ ಅನ್ನುವ, ಜೀನನ್ನು ಕತ್ತರಿಸಿ ತಿದ್ದುವ ವಿಧಾನ ಬಂದ ಮೇಲೆ ಆ ಕೆಲಸ ಇನ್ನೂ ಬೇಗ ಆಗುತ್ತದೆ.

ಚರ್ಮದ ಕಾಯಿಲೆಯಲ್ಲಿ ಇಲಿಗೆ ದೊಡ್ಡ ಪಾತ್ರವೇ ಇದೆ. ಇಬಿ ಸಿಂಪ್ಲೆಕ್ಸ್‌ಗೆ ಕಾರಣ ಸಿಕ್ಕಿದ್ದೇ ಇಲಿಯಿಂದ. 1991ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಎಲೇನ್ ಫುಕ್ಸ್ ಅವರ ತಂಡ ಕೆಟ್ಟ ಕೆರಾಟಿನ್ 14 ಜೀನನ್ನು ಇಲಿಯಲ್ಲಿ ಸೇರಿಸಿತು. ಮರಿಗಳ ಚರ್ಮದಲ್ಲಿ ಬೊಬ್ಬೆ ಎದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮನುಷ್ಯರ ಇಬಿ ಸಿಂಪ್ಲೆಕ್ಸ್‌ನ ಹಾಗೇ ಇತ್ತು. ಆಮೇಲೆ ರೋಗಿಗಳ ಜೀನು ನೋಡಿದರು, ಅಲ್ಲೂ ಕೆರಾಟಿನ್ 14ರಲ್ಲೇ ದೋಷ ಸಿಕ್ಕಿತು. ಸಾಮಾನ್ಯವಾಗಿ ರೋಗಿಯಿಂದ ಶುರುಮಾಡಿ ಜೀನಿಗೆ ಹೋಗುತ್ತಾರೆ. ಇಲ್ಲಿ ಇಲಿ ದಾರಿ ತೋರಿಸಿತು, ರೋಗಿಗಳಲ್ಲಿ ಅದು ಖಾತ್ರಿಯಾಯಿತು. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ನನಗೆ ಬಹಳ ಖುಷಿಯಾಗಿತ್ತು. ಈಗಲೂ ಆಗುತ್ತದೆ.

ನಮ್ಮ ಮಗುವಿನ ಬಗೆಯ ಇಬಿಗೆ ಇಲಿ ಮಾಡುವುದು ಅಷ್ಟು ಸುಲಭವಾಗಲಿಲ್ಲ. 1999ರಲ್ಲಿ ಅಮೆರಿಕದ ಒಂದು ತಂಡ ಕೊಲಾಜೆನ್ 7 ಪೂರ್ತಿ ಇಲ್ಲದ ಇಲಿಯನ್ನು ಹುಟ್ಟಿಸಿತು. ಹುಟ್ಟುವಾಗಲೇ ಬೊಬ್ಬೆ. ಎರಡು ವಾರದೊಳಗೆ ಮರಿಗಳು ಸತ್ತುಹೋದವು. ಕಾಯಿಲೆಗೆ ಕಾರಣ ಇದೇ ಜೀನು ಅಂತ ಅದರಿಂದ ಖಾತ್ರಿಯಾಯಿತು. ಆದರೆ ಔಷಧಿ ಕೊಟ್ಟು ನೋಡಲು ಮರಿ ಬದುಕಿರಬೇಕಲ್ಲ? 2008ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ತಂಡ ಒಂದು ಉಪಾಯ ಮಾಡಿತು. ಜೀನನ್ನು ಪೂರ್ತಿ ಕೆಡಿಸಲಿಲ್ಲ. ಮಾಮೂಲಿಗಿಂತ ಶೇಕಡಾ 10ರಷ್ಟು ಮಾತ್ರ ಕೊಲಾಜೆನ್ 7 ತಯಾರಾಗುವ ಹಾಗೆ ಮಾಡಿತು. ಈ ಇಲಿಗಳು ಬದುಕಿದವು. ಬಾಯಲ್ಲಿ ಬೊಬ್ಬೆ, ಉಗುರು ಹಾಳು, ಬೆಳವಣಿಗೆ ಕುಂಠಿತ, ಪಾದದ ಬೆರಳುಗಳು ಒಂದಕ್ಕೊಂದು ಸೇರಿಕೊಳ್ಳುವುದು. ನಮ್ಮ ಮಗುವಿನಲ್ಲಿ ನೋಡಿದ್ದೆಲ್ಲ ಅಲ್ಲೂ ಇತ್ತು.

ಈ ಇಲಿಯಿಂದ ತಿಳಿದ ಮುಖ್ಯ ವಿಷಯ ಬೆರಳು ಸೇರುವುದರ ಬಗ್ಗೆ. ಬೆರಳು ಸೇರುವುದು ಜೀನಿನ ನೇರ ಕೆಲಸ ಅಲ್ಲ. ಬೊಬ್ಬೆ ಏಳುತ್ತದೆ, ಮಾಯುತ್ತದೆ, ಮತ್ತೆ ಏಳುತ್ತದೆ. ಪ್ರತಿ ಸಲ ದೇಹ ರಿಪೇರಿಗೆ ಇಳಿಯುತ್ತದೆ. ರಿಪೇರಿಗೆ ಹೇಳುವ ಒಂದು ಸಂಕೇತ ಟಿಜಿಎಫ್ ಬೀಟಾ. ಅದು ಅತಿಯಾದಾಗ ಕಲೆ ಗಟ್ಟಿಯಾಗಿ, ಬಿಗಿದು, ಬೆರಳುಗಳನ್ನು ಎಳೆದುಕೊಳ್ಳುತ್ತದೆ. ಅಂದರೆ ಗಾಯದ ಎಣಿಕೆ ಜಾಸ್ತಿಯಾದಷ್ಟೂ ಬೆರಳು ಬೇಗ ಮುಚ್ಚುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾತ್ರೆಯ ಪ್ರಯೋಗ

ಲೋಸಾರ್ಟಾನ್ ಬಿಪಿ ಇಳಿಸುವ ಮಾತ್ರೆ. ಅದು ತಡೆಯುವುದು ರಕ್ತನಾಳ ಬಿಗಿಯುವಂತೆ ಮಾಡುವ ಆಂಜಿಯೊಟೆನ್ಸಿನ್ ಅನ್ನುವ ಹಾರ್ಮೋನಿನ ಕೆಲಸವನ್ನು. ಆಂಜಿಯೊಟೆನ್ಸಿನ್‌ಗೂ ಟಿಜಿಎಫ್ ಬೀಟಾಗೂ ಸಂಬಂಧ ಇದೆ. ಒಂದನ್ನು ತಡೆದರೆ ಇನ್ನೊಂದೂ ತಗ್ಗುತ್ತದೆ. ಫ್ರೈಬರ್ಗ್‌ನವರು ಶೇಕಡಾ 10ರ ಇಲಿಗಳಿಗೆ ಅದನ್ನು ಕೊಟ್ಟು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಟಿಜಿಎಫ್ ಬೀಟಾ ಇಳಿಯಿತು. ಕಲೆ ಕಡಿಮೆಯಾಯಿತು. ಪಾದದ ಬೆರಳು ಸೇರುವುದು ನಿಧಾನವಾಯಿತು. ವಿಡಿಯೊದಲ್ಲಿದ್ದ ಸುದ್ದಿಯ ಮೂಲ ಇದೇ.

ಇಲ್ಲಿ ಅಪ್ಪ ನನ್ನನ್ನು ತಡೆದರು. "ಹಂಗಾದ್ರೆ ಬೊಬ್ಬೆ ನಿಂತ್ಹೋಯ್ತಾ ಮೇಡಂ?"

ಇಲ್ಲ. ಮಾತ್ರೆಯಿಂದ ಕೊಲಾಜೆನ್ 7 ಹುಟ್ಟುವುದಿಲ್ಲ. ಹೊಲಿಗೆ ಇಲ್ಲದ ಜಾಗ ಹಾಗೇ ಉಳಿಯಿತು. ಆ ತಂಡವೂ ಇದನ್ನು ಕಾಯಿಲೆ ವಾಸಿ ಮಾಡುವ ಔಷಧಿ ಅಂತ ಹೇಳಲಿಲ್ಲ. ತೊಂದರೆ ತಗ್ಗಿಸುವ ದಾರಿ ಅಂತ ಹೇಳಿತು. ವಿಡಿಯೊ ಮಾಡಿದವರು ಕಲೆ ತಗ್ಗಿದ್ದನ್ನು ಕಾಯಿಲೆ ವಾಸಿಯಾದದ್ದು ಅಂತ ಮಾಡಿಬಿಟ್ಟಿದ್ದರು.

ಇನ್ನೊಂದು ವಿಷಯ. ಆ ಇಲಿಯಲ್ಲಿ ಶೇಕಡಾ 10ರಷ್ಟು ಕೊಲಾಜೆನ್ 7 ಇತ್ತು. ನಮ್ಮ ಮಗುವಿನ ಚರ್ಮದಲ್ಲಿ ಬಹುಮಟ್ಟಿಗೆ ಕಾಣಲೇ ಇಲ್ಲ. ಹತ್ತಕ್ಕೂ ಹೆಚ್ಚುಕಡಿಮೆ ಸೊನ್ನೆಗೂ ಇರುವ ದೂರ ಸಣ್ಣದಲ್ಲ. ಇಲಿ ಪ್ರಯೋಗದ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಯಾವ ಇಲಿ, ಅದರಲ್ಲಿ ಜೀನು ಎಷ್ಟು ಕೆಟ್ಟಿದೆ, ಪ್ರಯೋಗದಲ್ಲಿ ಅಳೆದದ್ದು ಏನು. ಈ ಮೂರು ಸಿಗದ ಸುದ್ದಿಯನ್ನು ರೋಗಿಯ ಮುಂದೆ ಇಡುವುದೇ ಇಲ್ಲ.

ಇಲಿಯ ಚರ್ಮವೂ ನಮ್ಮ ಚರ್ಮದ ಹಾಗಲ್ಲ. ಮೈತುಂಬ ದಟ್ಟ ಕೂದಲು. ಮೇಲಿನ ಪದರ ಎರಡು ಮೂರು ಕೋಶದಷ್ಟು ದಪ್ಪ. ನಮ್ಮದು ಅದಕ್ಕಿಂತ ಎಷ್ಟೋ ದಪ್ಪ. ಬೆವರಿನ ಗ್ರಂಥಿ ಪಾದದಲ್ಲಿ ಮಾತ್ರ. ಚರ್ಮದ ಕೆಳಗೆ ತೆಳುವಾದ ಸ್ನಾಯುವಿನ ಹಾಳೆ ಒಂದಿದೆ. ಗಾಯ ಆದರೆ ಅದು ಸುತ್ತಲಿನ ಚರ್ಮವನ್ನು ಎಳೆದು ಗಾಯ ಮುಚ್ಚಿಬಿಡುತ್ತದೆ. ನಮ್ಮಲ್ಲಿ ಬಹುಪಾಲು ಹೊಸ ಚರ್ಮ ಬೆಳೆದೇ ಮುಚ್ಚಬೇಕು. ಇದಕ್ಕಾಗಿಯೇ ಗಾಯ ಮಾಯುವುದನ್ನು ಅಧ್ಯಯನ ಮಾಡುವವರು ಇಲಿಯ ಗಾಯದ ಸುತ್ತ ಒಂದು ಬಳೆ ಹೊಲಿದು, ಚರ್ಮ ಎಳೆದುಕೊಳ್ಳದಂತೆ ಮಾಡುತ್ತಾರೆ. ಬಳೆ ಹಾಕದೆ "ಗಾಯ ಬೇಗ ಮಾಯಿತು" ಅಂದರೆ ನಾನು ಅಷ್ಟಾಗಿ ನಂಬುವುದಿಲ್ಲ.

ಚರ್ಮ ಬಿಟ್ಟು ಬೇರೆ ಎಪಿಥೀಲಿಯಂ ನೋಡಿದರೂ ಇದೇ ಕಥೆ. ಶ್ವಾಸಕೋಶ, ಕರುಳಿನಲ್ಲಿ ಲೋಳೆ ಗಟ್ಟಿಯಾಗುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಗೆ ಕಾರಣವಾದ ಸಿಎಫ್‌ಟಿಆರ್ ಜೀನು 1989ರಲ್ಲಿ ಸಿಕ್ಕಿತು. 1992ರಲ್ಲಿ ಆ ಜೀನು ಕೆಟ್ಟ ಇಲಿ ತಯಾರಾಯಿತು. ಮನುಷ್ಯರಲ್ಲಿ ಈ ಕಾಯಿಲೆ ಜೀವ ತೆಗೆಯುವುದು ಮುಖ್ಯವಾಗಿ ಶ್ವಾಸಕೋಶದಲ್ಲಿ. ಇಲಿಗಳಲ್ಲಿ ಕರುಳು ಕಟ್ಟಿಕೊಂಡಿತು, ಶ್ವಾಸಕೋಶಕ್ಕೆ ನಮ್ಮ ಹಾಗೆ ಏನೂ ಆಗಲಿಲ್ಲ. ಈ ಜೀನಿನ ಪ್ರೋಟೀನು ಮಾಡುವ ಕೆಲಸ ಉಪ್ಪು ಸಾಗಿಸುವುದು, ಅದಕ್ಕೆ ಇಲಿಯ ಶ್ವಾಸನಾಳದಲ್ಲಿ ಬೇರೊಂದು ದಾರಿಯೂ ಇದೆ. ಕೊನೆಗೆ 2008ರಲ್ಲಿ ಹಂದಿಯಲ್ಲಿ ಮಾಡಿದಾಗ ಮನುಷ್ಯನಿಗೆ ಹತ್ತಿರದ ಕಾಯಿಲೆ ಕಾಣಿಸಿತು. ಜೀನು ಅದೇ, ಪ್ರಾಣಿ ಬೇರೆ, ಕಾಯಿಲೆಯೂ ಬೇರೆ.

ಲೋಸಾರ್ಟಾನ್‌ಗೇ ಇಂಥ ಒಂದು ಇತಿಹಾಸ ಇದೆ. ಇದನ್ನು ಅಪ್ಪನಿಗೆ ಸ್ವಲ್ಪ ವಿವರವಾಗಿಯೇ ಹೇಳಿದೆ. ಮಾರ್ಫಾನ್ ಅಂತ ಒಂದು ಕಾಯಿಲೆ. ಅದರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗುತ್ತಾ ಹೋಗುತ್ತದೆ. 2006ರಲ್ಲಿ ಮಾರ್ಫಾನ್ ಇಲಿಗಳಿಗೆ ಲೋಸಾರ್ಟಾನ್ ಕೊಟ್ಟರು. ಹಿಗ್ಗುವುದು ನಿಂತೇಹೋಯಿತು. ಎಲ್ಲರಿಗೂ ದೊಡ್ಡ ಆಸೆ ಹುಟ್ಟಿತು. ಆಮೇಲೆ 608 ಮಕ್ಕಳು ಮತ್ತು ಯುವಜನರ ಮೇಲೆ ಮೂರು ವರ್ಷ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಲೋಸಾರ್ಟಾನ್, ಅರ್ಧ ಜನಕ್ಕೆ ಅಟೆನೊಲಾಲ್ ಅನ್ನುವ ಹಳೆಯ ಬಿಪಿ ಮಾತ್ರೆ. 2014ರಲ್ಲಿ ಫಲಿತಾಂಶ ಬಂದಾಗ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮಾತ್ರೆ ಕೆಟ್ಟದ್ದು ಅಂತಲ್ಲ. ಇಲಿಯಲ್ಲಿ ಕಂಡಷ್ಟು ಗುಣ ಮನುಷ್ಯರಲ್ಲಿ ಕಾಣಲಿಲ್ಲ, ಅಷ್ಟೇ.

ಇಬಿಯಲ್ಲೂ ಒಂದು ಉದಾಹರಣೆ ಇದೆ. ಫ್ರೈಬರ್ಗ್‌ನವರ ಇಲಿಗಳಿಗೆ ಆರೋಗ್ಯವಂತ ಫೈಬ್ರೊಬ್ಲಾಸ್ಟ್ ಕೋಶಗಳನ್ನು (ಚರ್ಮದ ಕೆಳಪದರದಲ್ಲಿ ಕೊಲಾಜೆನ್ ತಯಾರಿಸುವ ಕೋಶಗಳು) ಚರ್ಮದೊಳಗೆ ಚುಚ್ಚಿದಾಗ ಆ ಜಾಗದಲ್ಲಿ ಕೊಲಾಜೆನ್ 7 ಬಂತು, ಚರ್ಮ ಗಟ್ಟಿಯಾಯಿತು. ಮುಂದೆ ಮನುಷ್ಯರಲ್ಲಿ ಒಂದು ಪ್ರಯೋಗ ಮಾಡಿ, ಕೆಲವು ಗಾಯಗಳಿಗೆ ಕೋಶ, ಕೆಲವಕ್ಕೆ ಕೋಶ ಇಲ್ಲದ ಬರೀ ದ್ರವ ಚುಚ್ಚಿದರು. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಎರಡೂ ಬಗೆಯ ಗಾಯಗಳು ಸುಧಾರಿಸಿದ್ದವು. ಹೋಲಿಸಿ ನೋಡಿರದಿದ್ದರೆ ಗುಣವೆಲ್ಲ ಕೋಶದ್ದೇ ಅಂತ ನಂಬುತ್ತಿದ್ದೆವು.

ಜರ್ಮನಿಯಲ್ಲಿ ಇಬಿ ಮಕ್ಕಳಿಗೆ ಲೋಸಾರ್ಟಾನ್ ಕೊಟ್ಟು ನೋಡಿದ ಪ್ರಯೋಗವೂ ನಡೆದಿದೆ. ಅದು ಸಣ್ಣ ಪ್ರಯೋಗ. ಮುಖ್ಯವಾಗಿ ಮಕ್ಕಳ ಮೈಗೆ ಇದು ಒಗ್ಗುತ್ತದಾ, ಎಷ್ಟು ಕೊಡಬಹುದು ಅಂತ ನೋಡಲು ಮಾಡಿದ್ದು. ಹೋಲಿಸಲು ಮಾತ್ರೆ ಇಲ್ಲದ ಗುಂಪು ಅದರಲ್ಲಿ ಇರಲಿಲ್ಲ. ಡೋಸ್ ನಿಧಾನವಾಗಿ ಏರಿಸಿ, ಮಕ್ಕಳನ್ನು ಹತ್ತಿರದಿಂದ ಗಮನಿಸುತ್ತಾ ಕೊಟ್ಟರು. ತೋಟದ ಮನೆಯಲ್ಲಿ ಚಾಕುವಿನಿಂದ ಮಾತ್ರೆ ಕಾಲು ಮಾಡಿ ಕೊಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿರ್ಧಾರ

ಮಾತ್ರೆ ಈಗ ಬೇಡ ಅಂದೆವು. ಕಾರಣಗಳು ಈ ಮಗುವಿನವೇ. ಗಾಯಗಳಿಂದ ದಿನವೂ ನೀರು ಸೋರುತ್ತದೆ, ಮಗು ನೀರು ಕುಡಿಯುವುದೇ ಕಡಿಮೆ. ಇಂಥ ಸ್ಥಿತಿಯಲ್ಲಿ ಒಂದು ವಾಂತಿ ಭೇದಿ ಬಂದರೂ ಲೋಸಾರ್ಟಾನ್ ಬಿಪಿಯನ್ನು ಅತಿಯಾಗಿ ಇಳಿಸಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಕೊಡುವುದಾದರೆ ಆಗಾಗ ರಕ್ತ ತೆಗೆಯಬೇಕು, ಬಿಪಿ ನೋಡಬೇಕು. ಈ ಮಗುವಿನ ತೋಳಿಗೆ ಬಿಪಿ ಪಟ್ಟಿ ಕಟ್ಟುವುದಕ್ಕೂ ಕೆಳಗೆ ದಪ್ಪ ಮೆತ್ತೆ ಹಾಕಬೇಕು, ಇಲ್ಲದಿದ್ದರೆ ಅಲ್ಲೇ ಬೊಬ್ಬೆ. ಬೆಂಗಳೂರಿನ ತಜ್ಞರಿಗೂ ಬರೆದು ಕೇಳಿದೆ. ಮೊದಲು ತೂಕ, ರಕ್ತ ಸರಿಯಾಗಲಿ, ಆಮೇಲೆ ಯೋಚಿಸೋಣ ಅಂತ ಅವರೂ ಹೇಳಿದರು.

ಅಪ್ಪನ ಮುಖ ಸಣ್ಣಗಾಯಿತು. ನಾನು ಹೇಳಿದೆ, ಇಲಿಯಿಂದ ನಿಮ್ಮ ಮಗುವಿಗೆ ಏನೂ ಸಿಗಲಿಲ್ಲ ಅಂದುಕೊಳ್ಳಬೇಡಿ. ಬೆರಳು ಯಾಕೆ ಸೇರುತ್ತದೆ ಅನ್ನುವುದು ಸಿಕ್ಕಿದೆ. ಪ್ರತಿ ಬೊಬ್ಬೆಯೂ ಕಲೆಗೆ ಸೇರುವ ಲೆಕ್ಕ ಅಂತಾದರೆ, ಕೈಗೆ ಆಗುವ ಒಂದೊಂದು ಗಾಯ ತಪ್ಪಿಸಿದರೂ ಬೆರಳಿಗೆ ಲಾಭ. ಆ ಮಾತ್ರೆ ಮಾಡುವ ಕೆಲಸದ ಒಂದು ಪಾಲನ್ನು ನಾವು ಬಟ್ಟೆ ಸುತ್ತಿಯೂ ಮಾಡಬಹುದು.

ಬಟ್ಟೆ ಸುತ್ತುವುದು ಅಮ್ಮನ ಕೆಲಸವಾಯಿತು. ವ್ಯಾಸಲೀನ್ ಹಚ್ಚಿದ, ಅಂಟಿಕೊಳ್ಳದ ಗಾಜ್ ಅನ್ನು ಪ್ರತಿ ಬೆರಳಿಗೂ ಬೇರೆ ಬೇರೆ ಸುತ್ತಬೇಕು. ಎರಡು ಬೆರಳಿನ ನಡುವಿನ ಮೂಲೆಗೆ ಒಂದು ಪಟ್ಟಿ ಒತ್ತಿ ಕೂರಿಸಬೇಕು. ಮೊದಮೊದಲು ಮಗು ಕಿರುಚುತ್ತಿತ್ತು. ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಳೆಯ ಪಟ್ಟಿ ತೆಗೆಯಲು ಹೇಳಿಕೊಟ್ಟ ಮೇಲೆ ಅಳು ಕಡಿಮೆಯಾಯಿತು. ಬರೀ ನೀರಿಗಿಂತ ಉಪ್ಪುನೀರು ಉರಿ ಕಡಿಮೆ ಮಾಡುತ್ತದೆ.

ವಿದೇಶದ ಸಿಲಿಕೋನ್ ಪಟ್ಟಿ ಒಳ್ಳೆಯದು, ಆದರೆ ಮೈಪೂರ್ತಿ ದಿನವೂ ಹಾಕಲು ಈ ಮನೆಗೆ ಆಗುವುದಿಲ್ಲ. ಹಾಗಾಗಿ ಸಿಲಿಕೋನ್ ಕೈಬೆರಳಿಗೆ ಮಾತ್ರ. ಬೆನ್ನಿಗೆ, ಮಲಗುವ ಜಾಗಕ್ಕೆ ಬಾಳೆ ಎಲೆ. ಸುಟ್ಟಗಾಯಕ್ಕೆ, ಮೈಯೆಲ್ಲ ಚರ್ಮ ಕಿತ್ತುಬರುವ ಕಾಯಿಲೆಗಳಿಗೆ ನಮ್ಮ ದೇಶದ ಆಸ್ಪತ್ರೆಗಳು ಬಾಳೆ ಎಲೆ ಬಳಸುತ್ತಲೇ ಬಂದಿವೆ. ಎಲೆಯ ಮೇಲೆ ಮೇಣದ ಪದರ ಇರುವುದರಿಂದ ಅಂಟುವುದಿಲ್ಲ, ತಂಪಾಗಿಯೂ ಇರುತ್ತದೆ. ಎಳೆಯ ಎಲೆ ತೊಳೆದು, ದಿಂಡು ತೆಗೆದು, ಹಬೆಯಲ್ಲಿ ಬೇಯಿಸಿ, ಆರಿಸಿ ಹಾಕಬೇಕು. ಮಲೆನಾಡಿನಲ್ಲಿ ಬಾಳೆಗೆ ಬರ ಇಲ್ಲ ಅಲ್ವಾ? ಇದರ ಹೊಣೆ ಅಜ್ಜಿಯದು.

ಅಜ್ಜಿಗೂ ನನಗೂ ಒಂದು ವಿಷಯದಲ್ಲಿ ಮಾತ್ರ ಜಟಾಪಟಿ ನಡೆಯಿತು. ಬೊಬ್ಬೆ ಒಡೆಯಬಾರದು ಅಂತ ಅವರು. ಮಾಮೂಲಿ ಸುಟ್ಟ ಬೊಬ್ಬೆಗೆ ಆ ಮಾತು ಸರಿ. ಇಬಿಯಲ್ಲಿ ಬೊಬ್ಬೆಯೊಳಗಿನ ನೀರಿನ ಒತ್ತಡಕ್ಕೆ ಪಕ್ಕದ ಚರ್ಮವೂ ಬಿಟ್ಟುಕೊಳ್ಳುತ್ತಾ ಹೋಗುತ್ತದೆ, ಬೊಬ್ಬೆ ದೊಡ್ಡದಾಗುತ್ತದೆ. ಶುದ್ಧ ಸೂಜಿಯಿಂದ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಹಾಗೇ ಬಿಡಬೇಕು. ಎದುರಿಗೇ ಒಂದು ಬೊಬ್ಬೆ ಚುಚ್ಚಿ ತೋರಿಸಿದ ಮೇಲೆ, ಮತ್ತೆ ಮರುದಿನ ಅದು ಹರಡದೆ ಇದ್ದದ್ದನ್ನು ನೋಡಿದ ಮೇಲೆ ಒಪ್ಪಿದರು.

ಊಟದ್ದು ಇನ್ನೊಂದು ಪಾಠ. ಆ ಇಲಿಗಳಿಗೆ ಬಾಯಲ್ಲಿ ಬೊಬ್ಬೆ ಇತ್ತು, ಬೆಳವಣಿಗೆ ಕುಂಠಿತವಾಗಿತ್ತು ಅಂದೆನಲ್ಲ, ಈ ಮಗುವಿಗೂ ಅದೇ. ಅಂಚು ಗಟ್ಟಿಯಾದ ಅಕ್ಕಿ ರೊಟ್ಟಿ, ಕೋಡುಬಳೆ, ಬಿಸಿ ಬಿಸಿ ಕಾಫಿ ಎಲ್ಲ ನಿಲ್ಲಿಸಿದೆವು. ರಾಗಿ ಅಂಬಲಿ, ಮೆತ್ತಗೆ ಹಿಸುಕಿದ ಕಡುಬಿಗೆ ತುಪ್ಪ, ಬೇಯಿಸಿದ ಮೊಟ್ಟೆ, ಮೊಸರನ್ನ, ಬೆಣ್ಣೆಹಣ್ಣು. ತೋಟದಲ್ಲೇ ಬೆಣ್ಣೆಹಣ್ಣಿನ ಮರ ಇದೆ, ಕೊಬ್ಬಿನಂಶ ಜಾಸ್ತಿ ಇರುವ ಹಣ್ಣು. ಕಬ್ಬಿಣದ ಸಿರಪ್ ಕೊಟ್ಟರೆ ಮಲ ಇನ್ನೂ ಗಟ್ಟಿಯಾಗುತ್ತದೆ ಅಂತ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ರಕ್ತನಾಳದ ಮೂಲಕವೇ ಕೊಟ್ಟೆವು. ಬಟ್ಟೆಯ ಹೊಲಿಗೆ ಹೊರಗೆ ಬರುವ ಹಾಗೆ ತಿರುಗಿಸಿ ಹಾಕುವುದು, ಮಳೆಗಾಲದಲ್ಲಿ ಒದ್ದೆ ಬಟ್ಟೆ ಮೈಮೇಲೆ ಇರದ ಹಾಗೆ ನೋಡುವುದು, ಇವೆಲ್ಲ ಅಮ್ಮ ತಾವೇ ಕಂಡುಕೊಂಡದ್ದು.

ಒಂದು ಮಳೆಗಾಲ ಕಳೆದ ಮೇಲೆ ನೋಡಿದಾಗ ತೂಕ ಸ್ವಲ್ಪ ಏರಿತ್ತು, ರಕ್ತ ಏರಿತ್ತು. ಸೇರಲು ಶುರುವಾಗಿದ್ದ ಎರಡು ಬೆರಳು ಬಿಟ್ಟುಕೊಂಡಿಲ್ಲ, ಆದರೆ ಮುಂದಕ್ಕೂ ಸೇರಿಲ್ಲ. ಉಳಿದ ಬೆರಳುಗಳು ಬಿಡಿಯಾಗಿವೆ. ಬೊಬ್ಬೆಗಳು ಮೊದಲಿನಷ್ಟೇ ಏಳುತ್ತವೆ.

ಅಜ್ಜಿಯ ಪ್ರಶ್ನೆ, ಅಮ್ಮನ ಪ್ರಶ್ನೆ

ಒಂದು ಸಲ ಅಜ್ಜಿ ಕೇಳಿದರು: "ಆ ಇಲಿಮರಿಗೂ ನಮ್ ಕೂಸಿನ ಥರಾನೇ ಬೊಬ್ಬೆ ಏಳ್ತಾವಾ ಡಾಕ್ಟ್ರಮ್ಮ? ನೋವಾಗಲ್ವಾ ಅದಕ್ಕೆ?"

ಆಗುತ್ತದೆ. ಮಗುವಿನ ಗಾಯ ದಿನವೂ ತೊಳೆಯುವ ಕೈಗೆ ಆ ನೋವು ಎಂಥದ್ದು ಅಂತ ಚೆನ್ನಾಗಿ ಗೊತ್ತು. ನಮ್ಮ ದೇಶದಲ್ಲಿ ಇದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, 1998ರ ನಿಯಮಗಳಿವೆ. ಪ್ರಯೋಗ ಮಾಡುವ ಪ್ರತಿ ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು. ಬೇರೆ ದಾರಿ ಇದೆಯಾ, ಇಷ್ಟು ಇಲಿ ಬೇಕಾ, ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ ಅಂತ ಅದು ಕೇಳಬೇಕು. 2023ರಲ್ಲಿ ಔಷಧಿ ಪ್ರಯೋಗದ ನಿಯಮ ತಿದ್ದಿ, ಪ್ರಾಣಿಗಳ ಬದಲು ಮನುಷ್ಯರ ಕೋಶಗಳಲ್ಲೇ ಮಾಡುವ ಪರೀಕ್ಷೆಗಳಿಗೂ ಜಾಗ ಕೊಟ್ಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಇಬಿಯಂಥ ಕಾಯಿಲೆಗೆ ಇಲಿಯನ್ನು ಪೂರ್ತಿ ಬಿಡುವ ಕಾಲ ಇನ್ನೂ ಬಂದಿಲ್ಲ. ಬಾಯಿ, ಗಂಟಲು, ಕೈ, ಬೆಳವಣಿಗೆ ಎಲ್ಲ ಒಟ್ಟಿಗೆ ಕೆಡುವುದನ್ನು ತಟ್ಟೆಯಲ್ಲಿ ಬೆಳೆಸಿದ ಚರ್ಮ ತೋರಿಸುವುದಿಲ್ಲ. ಆದರೆ ಉತ್ತರ ಕೊಡಲಾಗದ ಪ್ರಶ್ನೆಯನ್ನು ಇಲಿಗೆ ಕೇಳುವುದು ಮಾತ್ರ ಆ ಪ್ರಾಣಿಗೂ ರೋಗಿಗೂ ಮಾಡುವ ಅನ್ಯಾಯ.

ಇಲಿ ಮತ್ತು ಮನುಷ್ಯ ಸೇರಿಯೇ ಗೆದ್ದ ಪ್ರಸಂಗಗಳೂ ಇವೆ. ಜಂಕ್ಷನಲ್ ಇಬಿ ಇದ್ದ ಏಳು ವರ್ಷದ ಹುಡುಗನೊಬ್ಬನಿಗೆ ಜರ್ಮನಿಯಲ್ಲಿ ಮೈಯ ಸುಮಾರು ಶೇಕಡಾ 80 ಭಾಗಕ್ಕೆ ಹೊಸ ಚರ್ಮ ಹಾಕಿದ ವರದಿ 2017ರಲ್ಲಿ ಬಂತು. ಅವನದೇ ಕೋಶ ತೆಗೆದು, ಜೀನು ಸರಿಮಾಡಿ, ಇಟಲಿಯಲ್ಲಿ ಹಾಳೆಯಾಗಿ ಬೆಳೆಸಿದ್ದು. ಆ ಕೋಶಗಳು ಬೆಳೆದದ್ದು ಇಲಿಯ ಫೈಬ್ರೊಬ್ಲಾಸ್ಟ್ ಕೋಶಗಳ ಹಾಸಿನ ಮೇಲೆ. 1975ರಿಂದ ಬಳಕೆಯಲ್ಲಿರುವ ವಿಧಾನ ಅದು. ನಮ್ಮ ಮಗುವಿನ ಬಗೆಗೆ 2023ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಒಂದು ಜೆಲ್‌ಗೆ ಒಪ್ಪಿಗೆ ಸಿಕ್ಕಿತು. ಹರ್ಪಿಸ್ ವೈರಸ್ಸನ್ನು ಪಳಗಿಸಿ, ಅದರೊಳಗೆ ಒಳ್ಳೆಯ ಸಿಒಎಲ್7ಎ1 ಜೀನು ಇಟ್ಟು, ಗಾಯದ ಮೇಲೆ ಹಚ್ಚುತ್ತಾರೆ. ಅದನ್ನು ಮೊದಲು ಇಲಿಯಲ್ಲಿ ನೋಡಿದರು. ಇಲಿಯ ಮೈಮೇಲೆ ಕಸಿ ಮಾಡಿದ ಮನುಷ್ಯರ ಇಬಿ ಚರ್ಮದಲ್ಲೂ ನೋಡಿದರು. ಕೊನೆಗೆ 31 ರೋಗಿಗಳಲ್ಲಿ, ಒಬ್ಬೊಬ್ಬರಲ್ಲೂ ಎರಡು ಗಾಯ ಹೋಲಿಸಿ ನೋಡಿದಾಗ, ಆರು ತಿಂಗಳಿಗೆ ಜೆಲ್ ಹಚ್ಚಿದ ಗಾಯಗಳಲ್ಲಿ ಶೇಕಡಾ 67 ಪೂರ್ತಿ ಮುಚ್ಚಿದ್ದವು, ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದ ಗಾಯಗಳಲ್ಲಿ ಶೇಕಡಾ 22. ಆಸೆ ಇಡಬಹುದಾದ ಅಂಕಿ ಇದು, ಯಾಕೆಂದರೆ ಮನುಷ್ಯರದು, ಹೋಲಿಸಿ ಪಡೆದದ್ದು. ಆದರೆ ಮತ್ತೆ ಮತ್ತೆ ಹಚ್ಚಬೇಕು, ಅನ್ನನಾಳದ ಗಾಯಕ್ಕೆ ಅದು ಮುಟ್ಟುವುದಿಲ್ಲ, ಸಕಲೇಶಪುರದ ಒಬ್ಬ ರೈಟರ್ ಸಂಬಳಕ್ಕೆ ಅದು ಸದ್ಯ ಎಟುಕುವುದೂ ಇಲ್ಲ.

ಅಮ್ಮ ಒಬ್ಬರೇ ಬಂದಿದ್ದಾಗ ಇನ್ನೊಂದು ಮಗುವಿನ ಬಗ್ಗೆ ಕೇಳಿದರು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಇದೇ ಕಾಯಿಲೆ ಬರುವ ಸಾಧ್ಯತೆ. ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರಕ್ಕೆ ಬರುವುದಿಲ್ಲ ಅಂತ ಲೆಕ್ಕ ಹಾಕುವ ಹಾಗಿಲ್ಲ. ದೋಷ ಯಾವುದು ಅಂತ ಗೊತ್ತಿರುವುದರಿಂದ ಬಸಿರಿನ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಿ ತಿಳಿಯಬಹುದು. ಬಸಿರಾಗುವ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್‌ಗೆ ಬೆಂಗಳೂರಿಗೆ ಹೋಗಿಬನ್ನಿ ಎಂದು ಚೀಟಿ ಕೊಟ್ಟಿದ್ದೇನೆ. ಇದರಲ್ಲಿ ಯಾರದೂ ತಪ್ಪಿಲ್ಲ, ಸೋದರಿಕೆಯಲ್ಲಿ ಕೊಟ್ಟ ಹಿರಿಯರದೂ ಅಲ್ಲ, ಅವರದೂ ಅಲ್ಲ. ಅದನ್ನು ಗಂಡ ಹೆಂಡತಿ ಇಬ್ಬರಿಗೂ, ಅಜ್ಜಿಯ ಎದುರಿಗೇ ಹೇಳಿದ್ದೇನೆ.

ಮುಂದಿನ ಕೆಲಸ

ವರ್ಷಗಟ್ಟಲೆ ಮಾಯದ ಗಾಯಗಳಲ್ಲಿ ಈ ಬಗೆಯ ಇಬಿ ಇರುವವರಿಗೆ ಚಿಕ್ಕ ವಯಸ್ಸಿನಲ್ಲೇ ಚರ್ಮದ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಬರುವ ಅಪಾಯ ಇದೆ. ದೊಡ್ಡವರಾದ ರೋಗಿಗಳ ಜೀವಕ್ಕೆ ಮುಖ್ಯ ಕುತ್ತು ಅದೇ. ಎರಡು ವರ್ಷ ಬದುಕುವ ಇಲಿಯಲ್ಲಿ ಇಪ್ಪತ್ತು ವರ್ಷದ ಗಾಯವನ್ನು ನೋಡಲು ಆಗುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ರೋಗಿಗಳ ದಾಖಲೆಯೇ. ಅದಕ್ಕೇ ಅಮ್ಮ ತಿಂಗಳಿಗೊಮ್ಮೆ ಎರಡೂ ಕೈಗಳ ಫೋಟೊ ತೆಗೆದಿಡುತ್ತಾರೆ, ಯಾವ ಗಾಯ ಎಷ್ಟು ದಿನದಿಂದ ಮಾಯದೆ ಇದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹತ್ತು ವರ್ಷ ತುಂಬುವ ಹೊತ್ತಿನಿಂದ ಮೈಪೂರ್ತಿ ಚರ್ಮದ ಪರೀಕ್ಷೆಯನ್ನು ನಿಯಮದಂತೆ ಮಾಡಬೇಕು, ಅನುಮಾನ ಬಂದ ಗಾಯದಿಂದ ಚೂರು ತೆಗೆದು ನೋಡಬೇಕು ಅಂತ ಮಗುವಿನ ಫೈಲಿನ ಮೊದಲ ಪುಟದಲ್ಲೇ ಬರೆದಿದ್ದೇನೆ. ಲೋಸಾರ್ಟಾನ್ ವಿಷಯವನ್ನು ಮುಂದಿನ ಬೇಸಿಗೆಯಲ್ಲಿ, ತೂಕ ಮತ್ತು ಕಿಡ್ನಿ ಪರೀಕ್ಷೆ ನೋಡಿಕೊಂಡು, ಬೆಂಗಳೂರಿನ ತಜ್ಞರ ಜೊತೆ ಮತ್ತೆ ಚರ್ಚಿಸುತ್ತೇವೆ.